ನೀಲಿ ಗುದ್ದಲಿ

"ಒಂದ್ ಐದು ನಿಮಿಷ ಕೊಡು, ಮನಿಷಾ. ನಿನ್ನ ಗುದ್ದಲಿ ಎಲ್ಲಿ ಹೋಯ್ತು ಅಂತ ಇದರಾಗ ತೋರಸ್ತೇನಿ," ಎನ್ನುತ್ತ ವಿಶಾಖಾ ಬೀಜದಂಗಡಿಯ ಕೌಂಟರಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಆರು ವರ್ಷಗಳ ನಂತರ ಎದುರಾದ ಗೆಳತಿಗೆ ಆಡಿದ ಮೊದಲ ಮಾತು ಅದು. ವಿಶಾಖಾ ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುವವಳು, ಇದಕ್ಕಾಗಿಯೇ ರಜೆ ಹಾಕಿ ಔರಾದಿಗೆ ಬಂದಿದ್ದಳು. ಅಂಗಡಿಯ ಒಡತಿ ಮನಿಷಾ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹತ್ತಿರದ ಡಾಬಕಾ ಹಳ್ಳಿಯಿಂದ ತೊಗರಿ ಬೀಜಕ್ಕೆ ಬಂದಿದ್ದ ಹಾವಗೆಪ್ಪನಿಗೆ ಸ್ಟೂಲು ತೋರಿಸಿ, "ಜರಾ ಕೂಡ್ರಿ ಕಾಕಾ," ಎಂದಳು.

ಗುದ್ದಲಿ ಎಂದರೆ ನಿಜವಾದ ಗುದ್ದಲಿಯಲ್ಲ, ಆಟದ್ದು. ಇಬ್ಬರೂ ಬೀದರಿನಲ್ಲಿ ಡಿಪ್ಲೊಮಾ ಓದುವಾಗ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದೆ ಚಾಂದ ಪಾಶಾನ ಕಂಪ್ಯೂಟರ್ ಸೆಂಟರಿನಲ್ಲಿ ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕುಳಿತು ಆಡುತ್ತಿದ್ದ ಆನ್‌ಲೈನ್ ಆಟ. ಅದರಲ್ಲಿ ಗೆಲುವಿಲ್ಲ, ಸೋಲಿಲ್ಲ. ಒಂದು ಬಯಲು, ಒಂದಿಷ್ಟು ಕಲ್ಲು, ಮಣ್ಣು, ಮರ ಕೊಟ್ಟು 'ಏನು ಬೇಕೋ ಮಾಡಿಕೊಳ್ಳಿ' ಎಂದು ಬಿಟ್ಟುಬಿಡುತ್ತದೆ. ಹಾಸ್ಟೆಲ್ಲಿನಲ್ಲಿ ಟ್ರಂಕು ಇಡುವಷ್ಟೇ ಜಾಗವಿದ್ದ ಹುಡುಗಿಯರು ಅಲ್ಲಿ ಎರಡಂತಸ್ತಿನ ಮನೆ ಕಟ್ಟಿದರು. ಕೆಲಸ ಸಿಕ್ಕು ಊರು ಬೇರೆಯಾದ ಮೇಲೂ ಸಂಜೆಯಾದರೆ ಆ ಮನೆಯಲ್ಲೇ ಇಬ್ಬರ ಭೇಟಿ. ಅಂಥ ಸಂಜೆಗಳು ವಿಶಾಖಾಳಿಗೆ ಮತ್ತೆ ಸಿಕ್ಕಿರಲಿಲ್ಲ.

ಮನಿಷಾ ನಲವತ್ತು ದಿನ ನೆಲ ಅಗೆದು ಆ ನೀಲಿ ಗುದ್ದಲಿ ಗಳಿಸಿದ್ದಳು. ವಿಶಾಖಾ ಅದನ್ನು ಕಡ ತಂದಳು. ನೆರೆಮನೆಯಿಂದ ತಂದದ್ದನ್ನು ಬರಿದೇ ಮರಳಿಸಬಾರದು, ಜೊತೆಗೆ ಚೂರು ಬೆಲ್ಲವನ್ನಾದರೂ ಇಡಬೇಕು ಎಂದು ತಾಯಿ ಶಾಲುಬಾಯಿ ಕಲಿಸಿದ ರೂಢಿ ಅವಳ ಕೈಬಿಟ್ಟಿರಲಿಲ್ಲ. ಗುದ್ದಲಿಯನ್ನು ಮನಿಷಾಳ ಪೆಟ್ಟಿಗೆಗೆ ಹಾಕಿ ಅದರ ಮೇಲೆ ಆಟದಲ್ಲೇ ಸಿಗುವ ಬೆಲ್ಲದ ಅಚ್ಚೊಂದನ್ನು ಇಟ್ಟು, ತಿರುಗಿ ನೋಡದೆ ಪೆಟ್ಟಿಗೆ ಮುಚ್ಚಿದಳು. ಮನಿಷಾ ಪೆಟ್ಟಿಗೆ ತೆರೆದರೆ ಬರೀ ಬೆಲ್ಲ. ಗುದ್ದಲಿ ನುಂಗಿ ಬಾಯಿಗೆ ಸಿಹಿ ಹಚ್ಚುತ್ತಾಳೆ ಎಂದು ಉರಿದು ಆಟದಲ್ಲೇ ಅವಳಿಗೆ 'ಕಳ್ಳಿ' ಎಂದು ಬರೆದಳು. ಅಲ್ಲಿಗೆ ಎಲ್ಲ ಮುಗಿಯಿತು.

ಹೋದ ಭಾನುವಾರ ಹಳೆಯದೆಲ್ಲ ನೆನಪಾಗಿ ವಿಶಾಖಾ ಆ ಆಟ ತೆರೆದಿದ್ದಳು. ಪೆಟ್ಟಿಗೆಯಲ್ಲಿದ್ದ ಎರಡು ಕೊಡಲಿಗಳಲ್ಲಿ ಒಂದರ ಮೇಲೆ ಬೆಲ್ಲ ಇಟ್ಟದ್ದೇ ತಡ, ಅದು ಮಾಯ. ತಪ್ಪು ಆಟದ್ದು. ಒಂದರ ಮೇಲೊಂದು ಇಡುವ ಹುಚ್ಚು ಬೇರೆ ಯಾರಿಗೂ ಇಲ್ಲದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಒಬ್ಬಳೇ ಕುಳಿತು ಅತ್ತಿದ್ದಳು, ಅದರಲ್ಲಿ ಅರ್ಧ ಸಂತೋಷದ ಅಳು.

ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

"ಇನ್ನೂ ಇಷ್ಟೇ ನಿಧಾನ ಏನು?" ಮನಿಷಾಳಿಗೆ ಕೇಳದೆ ಇರಲಾಗಲಿಲ್ಲ.

"ಇಷ್ಟೇ. ನೀರು ಇನ್ನೂ ಮ್ಯಾಲಕ್ಕೇ ಹರಿತದ."

"ಆ ಆಕಳ?"

"ಗ್ವಾಡ್ಯಾಗೇ ಸಿಕ್ಕೊಂಡದ. ತಲಿ ನಮ್ಮ ಮನ್ಯಾಗ, ಬಾಲ ಹೊರಗ."

"ಆಡೋ ಮಂದಿ?"

"ಹೋದ ಐತಾರ ದಿನ ಒಂಬತ್ತು ಮಂದಿ ಇದ್ರು. ನನ್ನ ಹಿಡ್ದು."

ಮನಿಷಾ ನಗು ತಡೆದುಕೊಂಡದ್ದು ವಿಶಾಖಾಳಿಗೆ ಕಂಡಿತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಸೂಚನೆ ಮೂಡಿತು. ಎಲ್ಲರೂ ಮಾಡುವಂತೆ ವಿಶಾಖಾ ಓದದೆ ಅದನ್ನು ಸರಿಸಿದಳು. ಹಿಂದೆ ಮನೆ ಕಾಣಿಸಿತು. ಮನಿಷಾ ಕಟ್ಟಿದ ಮೆಟ್ಟಿಲು ಇನ್ನೂ ಸೊಟ್ಟಗೇ ಇದ್ದವು. ಮನಿಷಾ ಕೌಂಟರಿನ ಮೇಲೆ ಬಾಗಿ ನೋಡಿದಳು, ನೋಡುತ್ತಲೇ ಉಳಿದಳು.

"ಈಗ ನೋಡು. ಇದು ಕೊಡಲಿ. ಇದರ ಮ್ಯಾಲ ಬೆಲ್ಲ ಇಡ್ತೇನಿ. ಕೊಡಲಿ ಹೋಗ್ತದ."

ಕೊಡಲಿ ಹೋಗಲಿಲ್ಲ. ಬೆಲ್ಲವೂ ಕೊಡಲಿಯೂ ಅಕ್ಕಪಕ್ಕ ಕುಳಿತವು. ಇನ್ನೊಮ್ಮೆ ಇಟ್ಟಳು, ಮತ್ತೊಮ್ಮೆ ಇಟ್ಟಳು. ಕತ್ತು ಚಾಚಿ ನೋಡುತ್ತಿದ್ದ ಹಾವಗೆಪ್ಪ, "ಎರಡೂ ಹಾಂಗೇ ಅವಲ್ರಿ ಅಕ್ಕೋರೆ," ಎಂದ. ವಿಶಾಖಾ ಗಡಬಡಿಸಿ ಆ ಸೂಚನೆಯನ್ನು ಹುಡುಕಿ ತೆಗೆದಳು. 'ಕೆಲವು ಹಳೆಯ ದೋಷಗಳನ್ನು ಸರಿಪಡಿಸಲಾಗಿದೆ' ಎಂದಷ್ಟೇ ಇತ್ತು. ಯಾವ ದೋಷ ಎಂದು ಹೇಳುವ ಸೌಜನ್ಯವೂ ಇರಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದ ಪುಣ್ಯಾತ್ಮರಿಗೆ ಈ ವಾರವೇ ಬುದ್ಧಿ ಬರಬೇಕಿತ್ತೇ? ಅವಳು ಮನಿಷಾಳ ಕಡೆ ತಿರುಗಿದಳು.

"ಐತಾರ ಹೋಗಿತ್ತು... ಖರೇನೇ ಹೋಗಿತ್ತು, ಮನಿಷಾ."

ಮನಿಷಾ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು. "ನಾ ಪುರಾವಾ ಕೇಳಿದ್ನಾ?"

"ಕಳ್ಳಿ ಅಂದಿ."

"ಅಂದೆ. ಸಿಟ್ಟಿನಾಗ ಅಂದೆ. ಮರುದಿನ ಜೀವ ತಡೀಲಾರದ ಎಷ್ಟು ಸಲ ಫೋನ್ ಮಾಡ್ದೆ, ನೀ ಎತ್ತಲಿಲ್ಲ. ಇವತ್ತೂ ಬಂದು ಡಬ್ಬಿ ತೆರದು ಕುಂತಿ. ತಗೊಂಡಿಲ್ಲ ಅಂತ ಬಾಯಿ ಬಿಟ್ಟು ಒಂದ್ ಸಲಾರೆ ಹೇಳಿದ್ದಿ ಏನು?"

ವಿಶಾಖಾ ಯೋಚಿಸಿದಳು. ನಿಜಕ್ಕೂ ಹೇಳಿರಲಿಲ್ಲ. ಹೇಳದೆಯೇ ಇವಳಿಗೆ ಗೊತ್ತಿರಬೇಕು ಎಂಬ ಸೊಕ್ಕು. ಇಷ್ಟೂ ವರ್ಷಗಳನ್ನು ತಿಂದುಹಾಕಿದ್ದು ಅದೇ ಎಂದು ಈಗ ಹೊಳೆದು ನಾಚಿಕೆಯಾಯಿತು. ಹಾವಗೆಪ್ಪ ಎದುರಿಗೇ ಕುಳಿತಿದ್ದ. ಆದರೂ ಹೇಳಿದಳು.

"ನಾ ತಗೊಂಡಿಲ್ಲ."

ಮನಿಷಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಭಾಲ್ಕಿಯಿಂದ ಇಲ್ಲಿಗಿ ಒಂದೂವರಿ ತಾಸಿನ ಹಾದಿ ಅದ, ವಿಶಾಖಾ," ಎಂದಳು. "ನಿನಗ ಆರು ವರ್ಷ ಹಿಡೀತು."