ಹಗ್ಗದ ಮಾತು

ಬಂಡೆ ಹತ್ತುತ್ತಿದ್ದ ಹುಡುಗಿಯ ಕಾಲು ಜಾರಿತು. ಕೆಳಗಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಮನೆಯಾಕೆಗೆ ಜೀವ ಬಾಯಿಗೆ ಬಂತು.

ಹೋದ ವಾರ ಈ ಬಂಡೆ ಹತ್ತುವವರೊಡನೆ ಜಗಳ ತೆಗೆದವಳು ಇವಳೇ. "ಹಗ್ಗ ಬಿಡು, ಹಗ್ಗ ಎಳಿ ಅಂತ ನೀವು ಬಡ್ಕೊಂಡ್ರೆ, ರಾತ್ರಿಪಾಳಿ ಮುಗಿಸಿ ಬಂದ ನನ್ನ ಸೊಸೆ ನಿದ್ದೆ ಮಾಡೋದು ಯಾವಾಗ? ಇನ್ಮೇಲೆ ಇತ್ತ ತಲೆ ಹಾಕ್ಬೇಡಿ." ಆಗ ಆ ಹುಡುಗಿ, "ಬಾಯೇ ಬಿಡಲ್ಲಮ್ಮ. ಹಗ್ಗ ಜಗ್ಗಿನೇ ಮಾತಾಡ್ಕೋತೀವಿ" ಎಂದು ಒಪ್ಪಿಸಿದ್ದಳು.

ಈಗ ಹಗ್ಗಕ್ಕೆ ಜೋತುಬಿದ್ದಿದ್ದಾಳೆ, ಮೊಣಕೈ ತರಚಿ ರಕ್ತ ಇಳಿಯುತ್ತಿದೆ, ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಕೆಳಗೆ ಹಗ್ಗ ಹಿಡಿದಿದ್ದ ಗೆಳೆಯನಿಗೆ ಹತ್ತುತ್ತೇನೆಂದು ಎರಡು ಸಲ ಜಗ್ಗಿ ತಿಳಿಸಿ, ಮತ್ತೆ ಬಂಡೆಗೆ ಕೈಹಾಕಿದಳು.

"ಭಲೇ ಮಗಳೇ, ಬಿಡಬೇಡ, ಹತ್ತು!" ಮನೆಯಾಕೆ ಊರಿಗೇ ಕೇಳುವಂತೆ ಕೂಗಿದಳು.

ಕಿಟಕಿ ತೆರೆಯಿತು. ಸೊಸೆ ಕಣ್ಣುಜ್ಜುತ್ತಾ ಕೇಳಿದಳು, "ಮತ್ತೆ ಬಡ್ಕೊಳ್ಳೋಕೆ ಶುರು ಮಾಡಿದ್ರಾ ಅತ್ತೆ, ಅವರು?"

"ಅವರಲ್ಲ ಕಣೇ, ನಾನು. ಮಲ್ಕೋ ಹೋಗು."