ಎಂಟು ಪುಟಗಳ ಆಕಾಶ

ಡಬ್ಬದ ಮುಚ್ಚಳ ತೆಗೆದ ತಂಗಿ ಹಾಗೇ ನಿಂತುಬಿಟ್ಟಳು. ಪ್ರತಿಯೊಂದು ಪುಸ್ತಕದ ಮುಖಪುಟದ ಮೇಲೂ ಕೆಂಪು ರಬ್ಬರ್ ಮೊಹರು. ‘ಕಥೆ, ಚಿತ್ರ’ ಎಂದಿತ್ತು, ಅದರ ಕೆಳಗೆ ಅಣ್ಣನ ಹೆಸರು. ಅವನೊಬ್ಬನದೇ.

ಆ ಜಾಗವನ್ನು ಖಾಲಿ ಬಿಟ್ಟವಳು ಅವಳೇ. ಕಿರುಪುಸ್ತಕಗಳ ಮೇಳದ ದಿನ ಇಬ್ಬರೂ ಪಕ್ಕಪಕ್ಕ ಕೂತು ಒಂದೊಂದಕ್ಕೂ ಸಹಿ ಹಾಕೋಣ ಎಂದು ಮಾತಾಗಿತ್ತು. ಆ ಮಾತು ಆಡಿದ್ದು ಅಣ್ಣ.

“ಇದೇನಣ್ಣ?”

“ಜಾಗ ಚಿಕ್ಕದು ಕಣೇ. ಎರಡು ಹೆಸರು ಹಿಡಿಸ್ಲಿಲ್ಲ.”

ಅವನು ಮೇಜಿನ ಮೇಲಿನ ಬಟ್ಟೆಯ ಸುಕ್ಕು ಎಳೆಯುತ್ತಿದ್ದ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಗೇಣಗಲದ ತಗಡಿನಲ್ಲಿ ಅಂಗಡಿಯ ಹೆಸರು, ಮಾಲೀಕನ ಹೆಸರು, ಫೋನ್ ನಂಬರು ಮೂರನ್ನೂ ಕೂರಿಸುವ ಭೂಪನಿಗೆ ಇಲ್ಲಿ ಎರಡು ಹೆಸರು ಹಿಡಿಸಲಿಲ್ಲವಂತೆ!

“ಇವತ್ತು ಮೇಳಕ್ಕೆ ಒಬ್ಬ ಪ್ರಕಾಶಕಿ ಬರ್ತಾರೆ. ದೊಡ್ಡ ಪುಸ್ತಕಕ್ಕೆ ಒಬ್ಬರನ್ನ ಹುಡುಕ್ತಾ ಇದ್ದಾರಂತೆ. ಒಬ್ಬರನ್ನೇ. ಅವರೆದುರು ನೀನು ಬಾಯಿ ಬಿಡಬೇಡ. ನನಗೆ ಸಿಕ್ಕಿದ್ರೆ ನಿನಗೆ ಸಿಕ್ಕ ಹಾಗೇ ಅಲ್ವಾ?”

ಹಾಗೇನೂ ಅಲ್ಲ, ಅದು ಅವನಿಗೂ ಗೊತ್ತಿತ್ತು. ಕಥೆಗಳು ಅವಳವು. ಅವಳು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಮುಂದೆ ನಿಂತು ನಿಂತು ಹೊಳೆದವು. ಜೀವಮಾನವೆಲ್ಲ ಲಿಫ್ಟ್ ನಡೆಸಿ ಒಮ್ಮೆಯೂ ತಾರಸಿ ನೋಡದವನ ಕಥೆ. ಬಸ್ಸಿನಲ್ಲಿ ಮರೆತುಹೋದ ಕೊಡೆ ತನ್ನ ಮನೆ ಹುಡುಕಿಕೊಂಡು ಹೊರಡುವ ಕಥೆ. ಪುಟಕ್ಕೊಂದು ಪುಟ್ಟ ಹಾಳೆಯಂತೆ ಎಲ್ಲವನ್ನೂ ತಿಳಿನೀಲಿ ಪೆನ್ಸಿಲಿನಲ್ಲಿ ಬಿಡಿಸಿ ಅಣ್ಣನಿಗೆ ಕೊಡುತ್ತಿದ್ದಳು. ಅವನು ಅದರ ಮೇಲೆ ಕಪ್ಪು ಶಾಯಿ ಎಳೆಯುತ್ತಿದ್ದ.

ತಿಳಿನೀಲಿ ಜೆರಾಕ್ಸ್ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಪ್ರತಿಯಲ್ಲಿ ಕಪ್ಪು ಮಾತ್ರ ಉಳಿಯುತ್ತದೆ. ಅಂದರೆ ಪುಸ್ತಕವನ್ನು ಹೇಗೆ ತಿರುವಿಹಾಕಿದರೂ ಅವಳ ಕೈ ಎಲ್ಲೂ ಇಲ್ಲ. ಇನ್ನು ಮೂಲ ಹಾಳೆಗಳು? ಅವುಗಳ ಮೇಲಿದ್ದ ನೀಲಿಯನ್ನು ಅಣ್ಣ ಹೋದ ವಾರವೇ ರಬ್ಬರಿನಿಂದ ಉಜ್ಜಿ ತೆಗೆದಿದ್ದ. “ನೀಟಾಗಿರ್ಲಿ” ಅಂದಿದ್ದ. ಅಣ್ಣನಿಗೆ ತನ್ನ ಹಾಳೆಗಳ ಮೇಲೆ ಎಷ್ಟು ಅಕ್ಕರೆ ಎಂದು ಅವಳು ಹಿಗ್ಗಿದ್ದಳು.

ಅಕ್ಕರೆಯ ಅರ್ಥ ಈಗ ಆಯಿತು. ಹೊರಗಿನವರು ಯಾರಾದರೂ ಕೈಕೊಟ್ಟಿದ್ದರೆ ಬಾಯಿತುಂಬ ಬೈದು ಮರೆತುಬಿಡುತ್ತಿದ್ದಳು. ಇವನು ಬೆರಳು ಹಿಡಿದು ಮೊದಲ ಗೆರೆ ಎಳೆಸಿದವನು. ಅವಳು ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸತೊಡಗಿದಳು.

ಪ್ರಕಾಶಕಿ ಬಂದರು. ದಪ್ಪ ಕನ್ನಡಕ, ಹೆಗಲಿಗೊಂದು ಚೀಲ. ನಿಂತಲ್ಲೇ ಇಡೀ ಪುಸ್ತಕ ಓದಿದರು. ಕೊಡೆಯ ಕಥೆಗೆ ನಕ್ಕರು, ಲಿಫ್ಟಿನ ಕಥೆಯನ್ನು ಇನ್ನೊಮ್ಮೆ ಓದಿದರು.

“ನೀವೊಬ್ಬರೇ ಮಾಡಿದ್ದಾ?”

“ಒಬ್ಬನೇ, ಮೇಡಂ.”

“ಇವರು?”

ಅಣ್ಣ ತಂಗಿಯ ಕಡೆ ನೋಡಲಿಲ್ಲ. “ಮಡಚೋಕೆ ಬಂದಿರೋ ಹುಡುಗಿ.”

ಸುಳ್ಳೇನಲ್ಲ. ಮಡಚಿದ್ದು ಅವಳೇ. ಪಿನ್ನಿಲ್ಲ, ಅಂಟಿಲ್ಲ, ಒಂದೇ ಹಾಳೆ, ನಡುವೆ ಒಂದು ಸೀಳು, ಮಡಚಿದರೆ ಎಂಟು ಪುಟ. ಪುಟಗಳನ್ನು ದೊಡ್ಡ ಹಾಳೆಗೆ ಅಂಟಿಸುವುದು, ಪ್ರತಿ ತೆಗೆಯುವುದು, ಮಡಚುವುದು, ಎಲ್ಲವನ್ನೂ ತಾನೇ ಮಾಡುತ್ತೇನೆಂದು ಅವಳು ಹಟ ಹಿಡಿದಿದ್ದಳು. ಇಂಥ ಬೇಸರದ ಕೆಲಸ ತಪ್ಪಿತಲ್ಲ ಎಂದು ಅಣ್ಣ ಆ ಕಡೆ ತಲೆಯನ್ನೂ ಹಾಕಿರಲಿಲ್ಲ.

“ಒಂದು ಮಾತು ಕೇಳ್ಲಾ?” ಎಂದರು ಪ್ರಕಾಶಕಿ. “ಪ್ರತಿ ಪುಟದಲ್ಲೂ ಮೇಲ್ಗಡೆ ಇಷ್ಟೊಂದು ತಂತಿ, ಹಕ್ಕಿ, ಬಾಲಂಗೋಚಿ ಯಾಕೆ?”

ಇದೇ ಪ್ರಶ್ನೆಯನ್ನು ಶಾಯಿ ಎಳೆಯುವಾಗ ಅಣ್ಣನೂ ಕೇಳಿದ್ದ. “ಏನೇ ಇದು, ಆಕಾಶನಾ ಕಾಗೆಗೂಡಾ?” ಅಂದಿದ್ದ. “ಸುಮ್ನೆ ತಿದ್ದಣ್ಣ. ಒಂದು ಗೆರೆನೂ ಬಿಡಬೇಡ” ಎಂದಿದ್ದಳು ತಂಗಿ.

“ಅದಾ? ಅದು... ಮನುಷ್ಯನ ಒಂಟಿತನ, ಮೇಡಂ.”

ಬೇರೆ ದಿನವಾಗಿದ್ದರೆ ತಂಗಿ ಬಿದ್ದು ಬಿದ್ದು ನಗುತ್ತಿದ್ದಳು.

ಪ್ರಕಾಶಕಿ ತಲೆದೂಗಿದರು. ಅಣ್ಣನ ಮುಖ ಅರಳಿತು. ಅವರು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, “ಒಂದೇ ಹಾಳೆ ಅಲ್ವಾ? ಬಿಚ್ಚಿ ನೋಡ್ತೀನಿ” ಎಂದರು.

“ಬೇಡ ಮೇಡಂ!” ತಂಗಿಯ ಕೈ ತಾನಾಗಿ ಮುಂದೆ ಹೋಗಿತ್ತು. “ದಯವಿಟ್ಟು ಬಿಚ್ಚಬೇಡಿ.”

“ಏಯ್, ನಿನಗೇನಾಯ್ತು?” ಅಣ್ಣ ಹಲ್ಲುಕಚ್ಚಿ ಕೇಳಿದ. “ಕೆಲಸ ಕೆಡಿಸಬೇಡ.”

“ಅದು ನಿನಗೋಸ್ಕರ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಈಗ ಅದನ್ನು ಅವನಿಗೆ ಕೊಡಲು ಅವಳಿಗೆ ಇಷ್ಟವಿರಲಿಲ್ಲ.

“ನನಗೋಸ್ಕರ ನೀನೇನೂ ಮಾಡೋದು ಬೇಡ.” ಅಣ್ಣ ಪುಸ್ತಕ ತೆಗೆದುಕೊಂಡು, ತಾನೇ ಮಡಿಕೆ ಬಿಚ್ಚಿ, ಹಾಳೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿದ. “ನೋಡಿ ಮೇಡಂ, ಆರಾಮಾಗಿ ನೋಡಿ.”

ಕೆಳಗಿನ ಸಾಲಿನಲ್ಲಿ ನಾಲ್ಕು ಪುಟ ನೆಟ್ಟಗೆ, ಮೇಲಿನ ಸಾಲಿನಲ್ಲಿ ನಾಲ್ಕು ತಲೆಕೆಳಗೆ. ಎರಡೂ ಸಾಲಿನ ಆಕಾಶಗಳು ಹಾಳೆಯ ನಡುವೆ ಒಂದಕ್ಕೊಂದು ತಲೆ ಕೂಡಿಸಿಕೊಂಡಿದ್ದವು. ಈ ಆಕಾಶದ ಅರ್ಧ ತಂತಿಗೆ ಆ ಆಕಾಶದ ಅರ್ಧ ತಂತಿ ಸೇರಿ ಅಕ್ಷರವಾಯಿತು. ಬಾಲಂಗೋಚಿಗಳು ಕೊಂಬಾದವು, ಹಕ್ಕಿಗಳು ಒತ್ತಾದವು. ಪ್ರಕಾಶಕಿ ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದತೊಡಗಿದರು. ಬೋರ್ಡು ಬರೆಯುವವನಿಗೆ ಬೆರಳು ಬೇಕಾಗಲಿಲ್ಲ.

ಹಾಳೆಯ ಈ ತುದಿಯಿಂದ ಆ ತುದಿಯವರೆಗೆ, ಅವನೇ ಒಂದು ಗೆರೆಯೂ ಬಿಡದೆ ತಿದ್ದಿದ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: “ಅಣ್ಣನಿಗೆ, ತಂಗಿ ಬರೆದ ಮೊದಲ ಪುಸ್ತಕ.”