ಎರಡು ಪೊಟ್ಟಣ

ಒಂದು ತಮ್ಮದು, ಇನ್ನೊಂದು ಖಂಡಿತ ಆ ಹುಡುಗಿಯದು. ಆದರೆ ಪರೀಕ್ಷೆ ಬರೆಯುತ್ತಿರುವವಳಿಗೆ, ಅದೂ ಇಡೀ ತರಗತಿಯ ಎದುರು, ಬಿಸ್ಕತ್ತಿನ ಪೊಟ್ಟಣ ಕೊಡುವುದು ಹೇಗೆ? ಮೇಷ್ಟ್ರು ಎರಡನ್ನೂ ಹಾಜರಿ ಪುಸ್ತಕದಿಂದ ಮುಚ್ಚಿದರು.

ಹತ್ತು ನಿಮಿಷದ ಹಿಂದೆ, ಕಾಲೇಜಿನ ಕಾರಿಡಾರಿನಲ್ಲಿರುವ ತಿಂಡಿಯ ಯಂತ್ರದಲ್ಲಿ ಅವಳ ಪೊಟ್ಟಣ ಬೀಳದೆ ಸಿಕ್ಕಿಕೊಂಡಿತ್ತು. ಅವಳು ಗಾಜಿಗೆ ಗುದ್ದುತ್ತಿದ್ದಳು. "ಬಿಡೇ ಅದನ್ನ, ಗಡಿಯಾರ ಬಾಗಿಲು ಹಾಕ್ಬಿಡುತ್ತೆ!" ಎಂದು ಗೆಳತಿ ಎಳೆದೊಯ್ದಳು. ಗಡಿಯಾರವೆಂದರೆ ಮೇಷ್ಟ್ರೇ; ಒಂಬತ್ತಾದ ಕೂಡಲೇ ಬಾಗಿಲು ಹಾಕುವುದಕ್ಕೆ ಬಂದ ಹೆಸರು. ಹಿಂದೆಯೇ ನಿಂತಿದ್ದ ಮೇಷ್ಟ್ರು ಹಣ ಹಾಕಿ ಅದೇ ಗುಂಡಿ ಒತ್ತಿದಾಗ ಎರಡು ಒಟ್ಟಿಗೇ ಬಿದ್ದಿದ್ದವು.

ಕೊನೆಗೆ ಎದ್ದುಹೋಗಿ ಒಂದನ್ನು ಅವಳ ಉತ್ತರಪತ್ರಿಕೆಯ ಪಕ್ಕ ಇಟ್ಟರು. "ನಿಂದೇ. ಆಮೇಲೆ ಬಿತ್ತು."

"ಅಯ್ಯೋ ಸರ್, ಅಲ್ಲೇ ಇದ್ರಾ ನೀವು?"

"ಇದ್ದೆ. ಮನೇಲಿ ತಿಂದು ಬರೋಕಾಗಲ್ವಾ?"

"ಎರಡು ಬಸ್ಸು ಬದಲಾಯಿಸ್ಬೇಕು ಸರ್. ಹೋದ ವಾರ ಮೂರು ನಿಮಿಷ ಲೇಟು ಅಂತ ಟೆಸ್ಟಿಗೆ ಕೂರಿಸ್ಲಿಲ್ವಲ್ಲ, ಅದಕ್ಕೇ ಇವತ್ತು ಆರರ ಬಸ್ಸಿಗೇ ಹೊರಟೆ. ಇದೂ ತಪ್ಪಿದ್ರೆ ಫೇಲೇ."

ಮೇಷ್ಟ್ರು ಪೊಟ್ಟಣ ಬಿಡಿಸಿ ಅವಳ ಮುಂದೆ ಸರಿಸಿದರು. "ಮೊದಲು ತಿನ್ನು. ಅಷ್ಟು ಹೊತ್ತನ್ನ ಕೊನೇಲಿ ಕೊಡ್ತೀನಿ."

"ಗಡಿಯಾರ ನಿಂತೋಯ್ತು ಕಣೋ," ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು. ಮೇಷ್ಟ್ರು ಕೇಳಿಸದವರಂತೆ ಕಿಟಕಿಯ ಬಳಿ ಹೋದರು. ಅಂದು ಮಧ್ಯಾಹ್ನವೇ ಅವಳನ್ನು ಕರೆಸಿ, ತಪ್ಪಿಹೋಗಿದ್ದ ಆ ಪರೀಕ್ಷೆಯನ್ನೂ ಬರೆಸಿದರು. ತಪ್ಪು ತಮ್ಮದು ಎಂದು ಮಾತ್ರ ಅವಳಿಗೆ ಎಂದೂ ಹೇಳಲಿಲ್ಲ.